ಅಂತರ್ಜಲಕ್ಕೆ ಇಳಿದ ಪೆಟ್ರೋಲ್: ಮಣ್ಣಿನ ಬ್ಯಾಕ್ಟೀರಿಯಾಗಳಿಂದಲೇ ಶುದ್ಧ ಮಾಡಿಸುವ ಬಗೆ

ಬಾವಿಯ ನೀರಿಗೆ ಪೆಟ್ರೋಲ್ ವಾಸನೆ ಬಂದಿದೆಯೇ? ಕುಡಿಯುವುದನ್ನೂ ಅಡುಗೆಗೆ ಬಳಸುವುದನ್ನೂ ಅವತ್ತೇ ನಿಲ್ಲಿಸಿ. ಕುದಿಸಿ ಕುಡಿದರಾಯಿತು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕುದಿಸಿದಾಗ ಪೆಟ್ರೋಲ್‌ನಿಂದ ನೀರಿಗೆ ಸೇರಿದ ಬೆಂಜೀನ್ ಎಂಬ ಅಂಶ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ, ಅಲ್ಲಿಂದ ನಮ್ಮ ಶ್ವಾಸಕೋಶಕ್ಕೆ. ಮುಚ್ಚಿದ ಬಚ್ಚಲುಮನೆಯಲ್ಲಿ ಬಿಸಿನೀರು ಸುರಿದುಕೊಂಡಾಗ ಆಗುವುದೂ ಅದೇ. ಬೆಂಜೀನ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎನ್ನುವುದರಲ್ಲಿ ಅನುಮಾನ ಉಳಿದಿಲ್ಲ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಮೆರಿಕದ ಮಿತಿ 5, ಐರೋಪ್ಯ ಒಕ್ಕೂಟದ್ದು 1. ಮೂಗಿಗೆ ಗೊತ್ತಾಗುವ ಎಷ್ಟೋ ಮೊದಲೇ ಈ ಮಿತಿ ದಾಟಿರುತ್ತದೆ, ಹಾಗಾಗಿ ವಾಸನೆ ಇಲ್ಲವೆಂದು ನೆಮ್ಮದಿಯಿಂದ ಇರುವಂತಿಲ್ಲ.

ಎಷ್ಟು ಪೆಟ್ರೋಲ್ ಎಷ್ಟು ನೀರನ್ನು ಕೆಡಿಸುತ್ತದೆ ನೋಡಿ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಬೆಂಜೀನ್ ನೂರಕ್ಕೆ ಒಂದು ಪಾಲಿದ್ದರೆ ಅದು ಸುಮಾರು 8 ಗ್ರಾಂ. ಆ 8 ಗ್ರಾಂ ಪೂರ್ತಿ ಕರಗಿದರೆ 8 ಲಕ್ಷ ಲೀಟರ್ ನೀರು 10 ಮೈಕ್ರೋಗ್ರಾಂ ಗೆರೆಗೆ ಬಂದು ನಿಲ್ಲುತ್ತದೆ. ನೆಲದಡಿಯ ಟ್ಯಾಂಕಿನ ಸಣ್ಣ ಬಿರುಕು ತಿಂಗಳುಗಟ್ಟಲೆ ಸೋರಿದರೆ ಏನಾದೀತೆಂದು ಊಹಿಸಿಕೊಳ್ಳಿ.

ಅಂಥ ನೀರನ್ನು ಸರಿಪಡಿಸುವ ಹೊಣೆ ಹೊತ್ತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜಾಗದ ಮಾಲೀಕರು, ಎಂಜಿನಿಯರುಗಳು, ಗುತ್ತಿಗೆದಾರರ ಕೆಲಸದ ಮೇಲೆ ಕಣ್ಣಿಡಬೇಕಾದ ನಿವಾಸಿಗಳು ಎಲ್ಲರಿಗೂ ಇದು ಬೇಕಾದೀತು. ಬಾವಿ ಕೊರೆಯಲು, ನೆಲಕ್ಕೆ ಏನನ್ನಾದರೂ ಹಾಯಿಸಲು ಬಹುತೇಕ ಎಲ್ಲ ಕಡೆ ಪರಿಸರ ಇಲಾಖೆಯ ಅನುಮತಿ ಬೇಕು, ಅದನ್ನು ಪಡೆದೇ ಮುಂದುವರಿಯಿರಿ.

ನೆಲದಡಿ ಆಗುತ್ತಿರುವುದೇನು

ಪೆಟ್ರೋಲ್, ಡೀಸೆಲ್ ಎರಡೂ ನೀರಿಗಿಂತ ಹಗುರ. ಸೋರಿದ್ದು ಮಣ್ಣಿನ ಸಂದುಗಳಲ್ಲಿ ಇಳಿದು ಅಂತರ್ಜಲದ ಮಟ್ಟ ಮುಟ್ಟಿದಾಗ ಅಲ್ಲೇ ಹರಡಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಮೇಲೇರಿ ಬೇಸಿಗೆಯಲ್ಲಿ ಕೆಳಗಿಳಿಯುವಾಗ ಇಂಧನವೂ ಅದರ ಜೊತೆ ಏರಿಳಿದು, ಗೋಡೆಗೆ ಎಣ್ಣೆ ಬಳಿದಂತೆ ಮಣ್ಣಿನ ಒಂದು ದಪ್ಪ ಪಟ್ಟಿಯ ಉದ್ದಕ್ಕೂ ಮೆತ್ತಿಕೊಳ್ಳುತ್ತದೆ. ಈ ಮೆತ್ತಿದ ಪಟ್ಟಿಯನ್ನು ಮರೆಯಬೇಡಿ, ನಾನು ಕಂಡ ಸೋಲುಗಳಲ್ಲಿ ಹೆಚ್ಚಿನವು ಇದನ್ನು ಲೆಕ್ಕಕ್ಕೆ ಹಿಡಿಯದೆ ಆದವು. ಅಲ್ಲಿಂದ ಬೆಂಜೀನ್, ಟಾಲುಯೀನ್, ಈಥೈಲ್‌ಬೆಂಜೀನ್, ಕ್ಸೈಲೀನ್ ಎಂಬ ನಾಲ್ಕು ಅಂಶಗಳು ಸ್ವಲ್ಪಸ್ವಲ್ಪವೇ ಕರಗಿ, ನೀರು ಹರಿಯುವ ದಿಕ್ಕಿಗೆ ಬಾಲದಂತೆ ಚಾಚಿಕೊಳ್ಳುತ್ತವೆ. ಈ ನಾಲ್ಕನ್ನೂ ಸೇರಿಸಿ ಬಿಟೆಕ್ಸ್ ಎನ್ನುತ್ತಾರೆ, ಬಾಲಕ್ಕೆ ಪ್ಲೂಮ್ ಎನ್ನುತ್ತಾರೆ.

ಇವನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಎಲ್ಲ ಮಣ್ಣಿನಲ್ಲೂ ಇವೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಂಬ್ಲರ್‌ನಲ್ಲಿ ಪೈಪ್‌ಲೈನ್‌ನಿಂದ ಪೆಟ್ರೋಲ್ ಸೋರಿದಾಗ, ತೇಲುತ್ತಿದ್ದ ಇಂಧನವನ್ನು ಪಂಪ್ ಮಾಡಿ ತೆಗೆದ ಮೇಲೂ ಮಣ್ಣಿಗೆ ಅಂಟಿದ್ದು ಉಳಿದುಬಿಟ್ಟಿತು. ಸನ್ ಆಯಿಲ್ ಕಂಪನಿಯ ರಿಚರ್ಡ್ ರೇಮಂಡ್ ಮತ್ತು ಸಂಗಡಿಗರು 1972ರಲ್ಲಿ ಅಲ್ಲಿನ ಬಾವಿಗಳಿಗೆ ಗಾಳಿಯನ್ನೂ ಸಾರಜನಕ, ರಂಜಕದ ಲವಣಗಳನ್ನೂ ಕೊಟ್ಟರು. ಹೊರಗಿನಿಂದ ಬ್ಯಾಕ್ಟೀರಿಯಾ ತಂದು ಸುರಿಯಲಿಲ್ಲ. ಅಲ್ಲೇ ಇದ್ದವು ಸಾವಿರಪಟ್ಟು ಬೆಳೆದು ಕೆಲಸ ಮಾಡಿದವು. ಈ ವಿಧಾನಕ್ಕೆ 1974ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತು ನಾವು ಮಾಡುವುದೆಲ್ಲ ಅದರ ಮುಂದುವರಿಕೆಯೇ.

ಹಾಗಾದರೆ ಅವು ತಾವಾಗಿಯೇ ಏಕೆ ಮುಗಿಸುವುದಿಲ್ಲ? ಉಸಿರು ಸಾಲದೆ. 78 ಗ್ರಾಂ ಬೆಂಜೀನ್ ಪೂರ್ತಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಲು 240 ಗ್ರಾಂ ಆಮ್ಲಜನಕ ಬೇಕು, ಅಂದರೆ ಒಂದಕ್ಕೆ ಮೂರು. ಗಾಳಿಗೆ ಚೆನ್ನಾಗಿ ತೆರೆದುಕೊಂಡ ನೀರಿನಲ್ಲೂ ಲೀಟರಿಗೆ 8ರಿಂದ 9 ಮಿಲಿಗ್ರಾಂ ಆಮ್ಲಜನಕವಷ್ಟೇ ಕರಗಿರುತ್ತದೆ. ಅದು 3 ಮಿಲಿಗ್ರಾಂ ಬೆಂಜೀನ್‌ಗೆ ಸರಿಹೋಯಿತು, ಅಲ್ಲಿಗೆ ಮುಗಿಯಿತು. ಆಮ್ಲಜನಕ ತೀರಿದ ಮೇಲೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ನೈಟ್ರೇಟ್‌ನಿಂದ, ಆಮೇಲೆ ಮ್ಯಾಂಗನೀಸ್ ಮತ್ತು ಕಬ್ಬಿಣದ ತುಕ್ಕಿನಿಂದ, ಆಮೇಲೆ ಸಲ್ಫೇಟ್‌ನಿಂದ ಉಸಿರಾಡುತ್ತವೆ. ಅದೂ ಮುಗಿದರೆ ಮೀಥೇನ್ ಹುಟ್ಟುವ ಹಂತ. ಇವೆಲ್ಲ ನಿಧಾನದ ಕೆಲಸ, ಅದರಲ್ಲೂ ಬೆಂಜೀನ್ ಹಟಮಾರಿ.

ಈ ಸರದಿಯನ್ನು ಬಹಳ ಚೆನ್ನಾಗಿ ತೋರಿಸಿಕೊಟ್ಟದ್ದು ಮಿನ್ನೆಸೋಟದ ಬೆಮಿಡ್ಜಿ. 1979ರ ಆಗಸ್ಟ್‌ನಲ್ಲಿ ಅಲ್ಲಿ ಕಚ್ಚಾತೈಲದ ಕೊಳವೆ ಒಡೆದು ಸುಮಾರು 17 ಲಕ್ಷ ಲೀಟರ್ ಎಣ್ಣೆ ಚೆಲ್ಲಿತು. ಒಂದಷ್ಟನ್ನು ತೆಗೆದರು, ಸುಟ್ಟರು, ಉಳಿದದ್ದು ನೆಲದಲ್ಲೇ ಉಳಿಯಿತು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದಶಕಗಳ ಕಾಲ ಆ ಜಾಗವನ್ನು ಅಳೆಯುತ್ತ ಬಂದಿದೆ. ಎಣ್ಣೆಯ ಹತ್ತಿರ ಮೀಥೇನ್, ಸ್ವಲ್ಪ ದೂರದಲ್ಲಿ ಕರಗಿದ ಕಬ್ಬಿಣ, ಅಂಚಿನಲ್ಲಿ ಆಮ್ಲಜನಕ ಹೀಗೆ ವಲಯ ವಲಯವಾಗಿ ಅಲ್ಲಿ ಕಾಣಸಿಕ್ಕಿತು. ನಿಮ್ಮ ಜಾಗದಲ್ಲೂ ಇದೇ ನಕ್ಷೆ ಚಿಕ್ಕದಾಗಿ ಇರುತ್ತದೆ, ಅದನ್ನು ಓದಲು ಕಲಿಯಬೇಕು.

ಒಂದು: ಸೋರಿಕೆ ನಿಲ್ಲಿಸಿ, ತೇಲುವುದನ್ನು ಎತ್ತಿ

ಟ್ಯಾಂಕು ಸೋರುತ್ತಿರುವಾಗ ಕೆಳಗೆ ಗಾಳಿ ಊದುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಟ್ಯಾಂಕು, ಪೈಪು, ಕೀಲುಗಳ ಒತ್ತಡ ಪರೀಕ್ಷೆ ಮಾಡಿಸಿ, ಕೆಟ್ಟಿದ್ದನ್ನು ಖಾಲಿ ಮಾಡಿಸಿ. ಆಮೇಲೆ ಬಾವಿಗಳಲ್ಲಿ ಇಂಧನ ತೇಲುತ್ತಿದೆಯೇ ಎಂದು ಇಂಟರ್‌ಫೇಸ್ ಪ್ರೋಬ್‌ನಿಂದ ಅಳೆಯಿರಿ. ಎಣ್ಣೆ ಎಲ್ಲಿ ಶುರುವಾಗುತ್ತದೆ, ನೀರು ಎಲ್ಲಿ ಶುರುವಾಗುತ್ತದೆ ಎಂದು ಎರಡು ಬಗೆಯ ಸದ್ದಿನಿಂದ ಹೇಳುವ ಉಪಕರಣ ಅದು. ಬಾವಿಯೊಳಗೆ ಕಾಣುವ ದಪ್ಪ ಮಣ್ಣಿನೊಳಗಿನ ನಿಜವಾದ ದಪ್ಪಕ್ಕಿಂತ ಸಾಮಾನ್ಯವಾಗಿ ಜಾಸ್ತಿ, ಹಾಗಾಗಿ ಅದರಿಂದ ನೇರವಾಗಿ ಲೀಟರ್ ಲೆಕ್ಕ ಹಾಕಬೇಡಿ. ಎಣ್ಣೆ ಕಾಣದಿದ್ದರೂ ನೀರಿನಲ್ಲಿ ಬೆಂಜೀನ್ ಲೀಟರಿಗೆ 5 ಮಿಲಿಗ್ರಾಂ ದಾಟಿದ್ದರೆ ದ್ರವ ಇಂಧನ ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ. ತೇಲುವ ಎಣ್ಣೆಯನ್ನಷ್ಟೇ ಎತ್ತುವ ಸ್ಕಿಮ್ಮರ್‌ನಿಂದಲೋ ನಿರ್ವಾತ ಪಂಪಿನಿಂದಲೋ ತೆಗೆಯಬಹುದಾದಷ್ಟನ್ನು ತೆಗೆಯಿರಿ. ಬ್ಯಾಕ್ಟೀರಿಯಾಗಳು ತಿನ್ನುವುದು ಕರಗಿದ್ದನ್ನೇ ಹೊರತು ಎಣ್ಣೆಯ ಕೆರೆಯನ್ನಲ್ಲ.

ನೀರಿನ ಮೇಲೆ ಕಾಮನಬಿಲ್ಲಿನಂಥ ಪೊರೆ ಕಂಡ ಕೂಡಲೇ ಪೆಟ್ರೋಲ್ ಎಂದು ತೀರ್ಮಾನಿಸಬೇಡಿ. ಒಂದು ಕಡ್ಡಿಯಿಂದ ಪೊರೆಯನ್ನು ಕೆದಕಿ. ಎಣ್ಣೆಯಾದರೆ ಸುರುಳಿ ಸುತ್ತಿ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಬ್ಯಾಕ್ಟೀರಿಯಾಗಳ ಪೊರೆಯಾದರೆ ತೆಳ್ಳನೆಯ ಗಾಜಿನಂತೆ ಚೂರುಚೂರಾಗಿ ಒಡೆದು ಹಾಗೇ ದೂರ ದೂರ ನಿಲ್ಲುತ್ತದೆ. ಲ್ಯಾಬಿಗೆ ಮಾದರಿ ಕಳಿಸುವುದಂತೂ ತಪ್ಪಿದ್ದಲ್ಲ, ಆದರೆ ಯಾವ ಬಾವಿಯ ಮಾದರಿ ಮೊದಲು ಎನ್ನುವುದನ್ನು ಈ ಕಡ್ಡಿ ಹೇಳಿಕೊಡುತ್ತದೆ.

ಇನ್ನೊಂದು ಎಚ್ಚರ. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಸುಮಾರು 1.4 ಭಾಗ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಹತ್ತಿರದ ನೆಲಮಾಳಿಗೆ, ಮ್ಯಾನ್‌ಹೋಲ್, ಕೇಬಲ್ ಗುಂಡಿಗಳನ್ನು ಗ್ಯಾಸ್ ಮೀಟರಿನಿಂದ ಪರೀಕ್ಷಿಸದೆ ಯಾವ ಕೆಲಸವನ್ನೂ ಶುರು ಮಾಡಬೇಡಿ.

ಎರಡು: ನೀರು ಎತ್ತ ಹರಿಯುತ್ತದೆ?

ಕನಿಷ್ಠ ಮೂರು ಬಾವಿ ಬೇಕು, ಒಂದೇ ಗೆರೆಯಲ್ಲಿ ಇರಬಾರದು. ಬಾವಿಯ ಬಾಯಿಯ ಎತ್ತರವನ್ನು ಲೆವೆಲ್ ಹಿಡಿದು ಅಳೆದು, ನೀರಿನ ಮಟ್ಟವನ್ನು ಒಂದೇ ದಿನ ಎಲ್ಲದರಲ್ಲೂ ಮಿಲಿಮೀಟರ್‌ಗಳ ನಿಖರತೆಯಲ್ಲಿ ನೋಡಿದರೆ ಇಳಿಜಾರು ತಿಳಿಯುತ್ತದೆ. ನೆಲದ ಮೇಲಿನ ಇಳಿಜಾರನ್ನು ನೋಡಿ ಒಳಗಿನದನ್ನು ಊಹಿಸಬಾರದು. ಮಾಲಿನ್ಯಕ್ಕಿಂತ ಮೇಲಿನ ಪಕ್ಕದಲ್ಲಿ ಒಂದು ಶುದ್ಧ ಬಾವಿ, ಮೂಲದ ಹತ್ತಿರ ಒಂದೆರಡು, ಬಾಲದ ಉದ್ದಕ್ಕೆ ಎರಡು ಮೂರು, ಬಾಲದ ತುದಿಯ ಆಚೆ ಒಂದು ಕಾವಲು ಬಾವಿ ಇಷ್ಟಿದ್ದರೆ ಕೆಲಸ ಶುರುವಾಗಬಹುದು. ಬಾವಿಯ ಜಾಲರಿ ಭಾಗ ನೀರಿನ ಮಟ್ಟದ ಏರಿಳಿತ ಪೂರ್ತಿ ಒಳಗೊಳ್ಳುವಂತೆ ಇರಲಿ. ತೀರ ಆಳದಲ್ಲಿಟ್ಟರೆ ತೇಲುವ ಇಂಧನ ಕಣ್ಣಿಗೇ ಬೀಳುವುದಿಲ್ಲ.

ವೇಗದ ಲೆಕ್ಕ ಸರಳ: ಮಣ್ಣು ನೀರು ಬಿಡುವ ಗುಣವನ್ನು ಇಳಿಜಾರಿನಿಂದ ಗುಣಿಸಿ, ರಂಧ್ರದ ಪಾಲಿನಿಂದ ಭಾಗಿಸಿ. ಮರಳು ಮಣ್ಣು ದಿನಕ್ಕೆ 10 ಮೀಟರ್ ಬಿಡುವಂಥದ್ದು, ಇಳಿಜಾರು ಸಾವಿರ ಮೀಟರಿಗೆ 5 ಮೀಟರ್, ರಂಧ್ರದ ಪಾಲು 0.25 ಇದ್ದರೆ ನೀರು ದಿನಕ್ಕೆ 20 ಸೆಂಟಿಮೀಟರ್, ವರ್ಷಕ್ಕೆ 73 ಮೀಟರ್ ಸಾಗುತ್ತದೆ. ಬೆಂಜೀನ್ ಮಣ್ಣಿಗೆ ಅಷ್ಟಿಷ್ಟು ಅಂಟಿಕೊಳ್ಳುವುದರಿಂದ ಕೊಂಚ ಹಿಂದೆ ಬೀಳುತ್ತದೆ. ಕೆಳಗಿನ ಪಕ್ಕದ ಕುಡಿಯುವ ನೀರಿನ ಬಾವಿ 100 ಮೀಟರ್ ದೂರದಲ್ಲಿದ್ದರೆ ನಿಮಗೆ ಸಿಗುವ ಕಾಲಾವಕಾಶ ಎಷ್ಟೆಂದು ಇದರಿಂದ ಅಂದಾಜು ಸಿಗುತ್ತದೆ.

ಮೂರು: ಮಾದರಿ ತೆಗೆಯುವ ಕೈ

ಇಲ್ಲಿ ನಾನೇ ಕೈಸುಟ್ಟುಕೊಂಡಿದ್ದೇನೆ, ಅದಕ್ಕೇ ವಿವರವಾಗಿ ಹೇಳುತ್ತೇನೆ. ವೃತ್ತಿಯ ಆರಂಭದಲ್ಲಿ ಒಂದು ಜಾಗದಲ್ಲಿ ಬೇಲರ್ ಕೊಳವೆಯನ್ನು ಹಗ್ಗ ಕಟ್ಟಿ ಬಾವಿಗೆ ಬಿಟ್ಟು, ಮೇಲೆತ್ತಿ, ಬಕೆಟ್ಟಿಗೆ ಸುರಿದು, ಅದರಲ್ಲಿ ಮೀಟರ್ ಅದ್ದಿದೆ. ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂ ತೋರಿಸಿತು. ಉಸಿರಿಗೆ ಕೊರತೆಯಿಲ್ಲ, ಗೊಬ್ಬರಾಂಶದ ಕೊರತೆಯಿರಬೇಕು ಎಂದು ಬರೆದುಕೊಟ್ಟೆ. ಒಂದಿಡೀ ಋತು ಸಾರಜನಕ, ರಂಜಕ ಹಾಯಿಸಿದೆವು, ಬೆಂಜೀನ್ ಅಲುಗಾಡಲಿಲ್ಲ. ಆಮೇಲೆ ಹಿರಿಯರೊಬ್ಬರು ಬಂದು ನಿಧಾನದ ಪಂಪಿನಿಂದ, ಗಾಳಿ ತಾಗದ ಹಾಗೆ ಅಳೆದರು: 0.3 ಮಿಲಿಗ್ರಾಂ. ನಾನು ಅಳೆದದ್ದು ಬಾವಿಯ ನೀರನ್ನಲ್ಲ, ಬಕೆಟ್ಟಿಗೆ ಸುರಿಯುವಾಗ ಬೆರೆತ ಗಾಳಿಯನ್ನು. ಕೆಳಗಿನ ಮನೆಗಳವರು ಆ ಋತುವಿಡೀ ಟ್ಯಾಂಕರ್ ನೀರಿಗೆ ಕಾಯುತ್ತಿದ್ದರು ಎನ್ನುವುದನ್ನು ಇವತ್ತಿಗೂ ಮರೆತಿಲ್ಲ.

ಸರಿಯಾದ ಕ್ರಮ ಹೀಗೆ. ಪಂಪನ್ನು ಜಾಲರಿಯ ಮಧ್ಯಕ್ಕೆ ಮೆಲ್ಲಗೆ ಇಳಿಸಿ. ನಿಮಿಷಕ್ಕೆ 100ರಿಂದ 500 ಮಿಲಿಲೀಟರ್‌ಗಿಂತ ಜೋರಾಗಿ ಎಳೆಯಬೇಡಿ. ಬಾವಿಯ ಮಟ್ಟ 10 ಸೆಂಟಿಮೀಟರ್‌ಗಿಂತ ಹೆಚ್ಚು ಕುಸಿಯದಂತೆ ನೋಡಿಕೊಳ್ಳಿ. ಬರುವ ನೀರನ್ನು ಮುಚ್ಚಿದ ಹರಿವಿನ ಕೋಶದ ಮೂಲಕ ಹಾಯಿಸಿ, ಆಮ್ಲಜನಕ, ಪಿಎಚ್, ವಿದ್ಯುತ್ ವಾಹಕತೆ, ರೆಡಾಕ್ಸ್ ವಿಭವ (ನೀರು ಆಮ್ಲಜನಕ ಇರುವ ಸ್ಥಿತಿಯಲ್ಲಿದೆಯೋ ಇಲ್ಲದ ಸ್ಥಿತಿಯಲ್ಲಿದೆಯೋ ಎಂದು ಸೂಚಿಸುವ ವೋಲ್ಟೇಜ್) ಇವನ್ನು ಮೂರರಿಂದ ಐದು ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. ಸತತ ಮೂರು ಸಲ ಪಿಎಚ್ 0.1ರ ಒಳಗೆ, ವಾಹಕತೆ ನೂರಕ್ಕೆ 3ರ ಒಳಗೆ, ಆಮ್ಲಜನಕ ನೂರಕ್ಕೆ 10ರ ಒಳಗೆ ನಿಂತಿತೆಂದರೆ ಈಗ ಬರುತ್ತಿರುವುದು ನೆಲದ ನೀರು. ಆಗ ಕೋಶವನ್ನು ಬಿಡಿಸಿ, 40 ಮಿಲಿಲೀಟರ್‌ನ ಗಾಜಿನ ಸೀಸೆ ತುಂಬಿಸಿ. ಸೀಸೆಯನ್ನು ಓರೆಯಾಗಿ ಹಿಡಿದು ನೀರು ಒಳಗೋಡೆಯಗುಂಟ ಜಾರುವಂತೆ ಬಿಡಬೇಕು. ಬಾಯಿಯ ಮೇಲೆ ನೀರು ಉಬ್ಬಿ ನಿಂತಾಗ ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ. ಒಂದು ಗುಳ್ಳೆ ಮೇಲೇರಿದರೂ ಆ ಸೀಸೆ ಬೇಡ, ಇನ್ನೊಂದು ತುಂಬಿಸಿ. ಬೆಂಜೀನ್ ಗುಳ್ಳೆಯೊಳಕ್ಕೆ ಓಡಿಹೋಗಿ ಲ್ಯಾಬಿಗೆ ಸುಳ್ಳು ಹೇಳುತ್ತದೆ. ಸೀಸೆಯಲ್ಲಿ ಮೊದಲೇ ಹಾಕಿರುವ ಹೈಡ್ರೋಕ್ಲೋರಿಕ್ ಆಮ್ಲ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಂಜುಗಡ್ಡೆಯೊಡನೆ ಇಟ್ಟು, 14 ದಿನದೊಳಗೆ ವಿಶ್ಲೇಷಣೆ ಆಗಲೇಬೇಕು.

ಬಿಟೆಕ್ಸ್ ಜೊತೆ ನೈಟ್ರೇಟ್, ಸಲ್ಫೇಟ್, ಕರಗಿದ ಕಬ್ಬಿಣ, ಮ್ಯಾಂಗನೀಸ್, ಮೀಥೇನ್, ಕ್ಷಾರೀಯತೆ ಇವನ್ನೂ ಕೇಳಿ. ಮೇಲಿನ ಶುದ್ಧ ಬಾವಿಯಲ್ಲಿ ಸಲ್ಫೇಟ್ 60 ಮಿಲಿಗ್ರಾಂ ಇದ್ದು ಬಾಲದ ನಡುವೆ 5 ಇದ್ದರೆ ಆ 55 ಮಿಲಿಗ್ರಾಂ ಎಲ್ಲಿ ಹೋಯಿತು? ಬ್ಯಾಕ್ಟೀರಿಯಾಗಳು ಉಸಿರಾಡಿವೆ. ಬಾವಿಯ ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೂ ಅದೇ ಸುದ್ದಿ. ಇಂಧನದಲ್ಲಿ ಎಂಟಿಬಿಇ ಎಂಬ ಸೇರ್ಪಡೆ ರಾಸಾಯನಿಕ ಅಥವಾ ಎಥನಾಲ್ ಬೆರೆಸಿದ್ದರೆ ಅದನ್ನೂ ಪರೀಕ್ಷಿಸಿ. ಎಂಟಿಬಿಇ ನೀರಿನಲ್ಲಿ ಚೆನ್ನಾಗಿ ಕರಗಿ, ಮಣ್ಣಿಗೆ ಅಂಟದೆ, ನಿಧಾನವಾಗಿ ಒಡೆಯುತ್ತದೆ. ಎಥನಾಲ್‌ನ ತೊಂದರೆ ಬೇರೆ: ಅದು ಬ್ಯಾಕ್ಟೀರಿಯಾಗಳಿಗೆ ಸುಲಭದ ತಿನಿಸು, ಇದ್ದಬದ್ದ ಆಮ್ಲಜನಕವನ್ನೆಲ್ಲ ಅದರ ಮೇಲೇ ಖರ್ಚು ಮಾಡಿ ಬೆಂಜೀನ್‌ನ ಸರದಿ ಬರುವ ಹೊತ್ತಿಗೆ ಏನೂ ಉಳಿಸಿರುವುದಿಲ್ಲ. ಬಾಲ ಇನ್ನಷ್ಟು ಉದ್ದವಾಗುತ್ತದೆ.

ನಾಲ್ಕು: ನೆಲ ಒಪ್ಪುತ್ತದೆಯೇ?

ಮರಳು, ಜಲ್ಲಿ ಮಣ್ಣಾದರೆ ಒಳ್ಳೆಯದು. ನೀರು ಸೆಕೆಂಡಿಗೆ ಸೆಂಟಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತ ನಿಧಾನವಾಗಿ ಹಾಯುವ ಜೇಡಿಯಲ್ಲಿ ಏನನ್ನು ಊದಿದರೂ ಹರಡುವುದಿಲ್ಲ. ಪಿಎಚ್ 6ರಿಂದ 8ರ ನಡುವೆ ಇರಲಿ. 10 ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ಕೆಲಸ ತೀರ ಮಂದ. ಕರಗಿದ ಕಬ್ಬಿಣ ಲೀಟರಿಗೆ 10 ಮಿಲಿಗ್ರಾಂ ಒಳಗಿದ್ದರೆ ಗಾಳಿ ಊದಬಹುದು. 20 ದಾಟಿದರೆ ಆಮ್ಲಜನಕ ತಾಗಿದೊಡನೆ ಅದು ತುಕ್ಕಾಗಿ ಬಾವಿಯ ಜಾಲರಿಯನ್ನೂ ಮಣ್ಣಿನ ಸಂದನ್ನೂ ಕಟ್ಟಿಬಿಡುತ್ತದೆ, ಬೇರೆ ದಾರಿ ನೋಡಬೇಕು.

ಐದು: ಉಸಿರಿನ ಲೆಕ್ಕ

ಕಾಗದ ಪೆನ್ನು ಹಿಡಿದು ಇದನ್ನು ಮಾಡದೆ ಯಾವ ಯಂತ್ರವನ್ನೂ ಕೊಳ್ಳಬೇಡಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಾಲದ ಉದ್ದ 30 ಮೀಟರ್, ಅಗಲ 10, ದಪ್ಪ 3. ರಂಧ್ರದ ಪಾಲು 0.3. ಒಳಗಿರುವ ನೀರು 270 ಘನ ಮೀಟರ್. ಸರಾಸರಿ ಬಿಟೆಕ್ಸ್ ಲೀಟರಿಗೆ 5 ಮಿಲಿಗ್ರಾಂ. ಕರಗಿರುವುದು ಒಟ್ಟು 1.35 ಕಿಲೋ, ಅದಕ್ಕೆ ಬೇಕಾದ ಆಮ್ಲಜನಕ ಸುಮಾರು 4 ಕಿಲೋ. ಇಷ್ಟೇನಾ ಅನ್ನಿಸುತ್ತದೆ.

ಈಗ ಮೆತ್ತಿದ ಪಟ್ಟಿಯನ್ನು ನೋಡಿ. 15 ಮೀಟರ್ ಉದ್ದ, 10 ಅಗಲ, 1 ಮೀಟರ್ ದಪ್ಪ. ಘನ ಮೀಟರಿಗೆ 1.7 ಟನ್ ಎಂದರೆ 255 ಟನ್ ಮಣ್ಣು. ಕಿಲೋ ಮಣ್ಣಿಗೆ 500 ಮಿಲಿಗ್ರಾಂ ಇಂಧನ ಅಂಟಿದ್ದರೆ ಒಟ್ಟು 127 ಕಿಲೋ. ಪೆಟ್ರೋಲ್‌ನ ಎಲ್ಲ ಅಂಶ ಸೇರಿ ಒಂದಕ್ಕೆ ಮೂರೂವರೆ ಪಾಲು ಆಮ್ಲಜನಕ ಹಿಡಿಯಿರಿ, 450 ಕಿಲೋ ಹತ್ತಿರ ಬರುತ್ತದೆ. ನೀರಿನಲ್ಲಿ ಕಂಡದ್ದರ ನೂರು ಪಟ್ಟು! ನೀರನ್ನಷ್ಟೇ ಲೆಕ್ಕ ಹಾಕಿದವರು ಎರಡು ತಿಂಗಳಲ್ಲಿ ಗೆದ್ದೆವೆಂದು ಯಂತ್ರ ನಿಲ್ಲಿಸುತ್ತಾರೆ, ಆರು ತಿಂಗಳಿಗೆ ಬೆಂಜೀನ್ ಮತ್ತೆ ಮೊದಲಿನಷ್ಟೇ ಆಗಿರುತ್ತದೆ.

ಈ 450 ಕಿಲೋವನ್ನು ಆಮ್ಲಜನಕ ಕರಗಿಸಿದ ನೀರಿನ ಮೂಲಕ ಕೊಡಲು ಹೊರಟರೆ 50,000 ಘನ ಮೀಟರ್, ಅಂದರೆ 5 ಕೋಟಿ ಲೀಟರ್ ನೀರು ಹಾಯಿಸಬೇಕು. ಆಗದ ಮಾತು. ಅದೇ ಗಾಳಿಯಾದರೆ ಒಂದು ಘನ ಮೀಟರಿನಲ್ಲಿ 0.28 ಕಿಲೋ ಆಮ್ಲಜನಕ ಇದೆ. ಊದಿದ್ದರಲ್ಲಿ ನೂರಕ್ಕೆ 5 ಪಾಲಷ್ಟೇ ನೀರಿಗೆ ಹತ್ತಿತೆಂದು ಹಿಡಿದರೂ 32,000 ಘನ ಮೀಟರ್ ಗಾಳಿ ಸಾಕು. ಮೂರು ಬಾವಿಗಳಲ್ಲಿ ತಲಾ ನಿಮಿಷಕ್ಕೆ 100 ಲೀಟರಿನಂತೆ ಊದಿದರೆ 74 ದಿನ. ಕಾಗದದ ಮೇಲೆ ಎರಡೂವರೆ ತಿಂಗಳು, ನೆಲದಲ್ಲಿ ವರ್ಷ ಅಥವಾ ಇನ್ನೂ ಹೆಚ್ಚು, ಏಕೆಂದರೆ ಸಂದುಗೊಂದಿಗಳಲ್ಲಿ ಅವಿತ ಇಂಧನ ತನ್ನ ನಿಧಾನದಲ್ಲೇ ಕರಗುತ್ತದೆ.

ಸಾರಜನಕ, ರಂಜಕಗಳಿಗೆ ಇಂಗಾಲ 100ಕ್ಕೆ ಸಾರಜನಕ 10, ರಂಜಕ 1 ಎಂಬ ಅನುಪಾತವನ್ನು ಮೇಲಿನ ಮಿತಿಯಾಗಿ ಇಟ್ಟುಕೊಳ್ಳಿ. ಮೇಲಿನ ಉದಾಹರಣೆಗೆ ಅದು ಸಾರಜನಕ 11 ಕಿಲೋ, ರಂಜಕ 1 ಕಿಲೋ ಆಗುತ್ತದೆ. ಎಷ್ಟೋ ಜಾಗಗಳಲ್ಲಿ ನೆಲದಲ್ಲಿರುವುದೇ ಸಾಕಾಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 50 ಮಿಲಿಗ್ರಾಂ. ಒಂದು ಮಾಲಿನ್ಯ ತೆಗೆಯಲು ಹೋಗಿ ಇನ್ನೊಂದನ್ನು ಸೇರಿಸಬಾರದು.

ಆರು: ದಾರಿ ಆರಿಸುವುದು

ಮರಳು ಮಣ್ಣಿಗೆ ನನ್ನ ಮೊದಲ ಆಯ್ಕೆ ಬಯೋಸ್ಪಾರ್ಜಿಂಗ್. ನೀರಿನ ಮಟ್ಟದ ಕೆಳಗೆ, ಮಾಲಿನ್ಯಕ್ಕಿಂತ ಆಳದಲ್ಲಿ ಚಿಕ್ಕ ಜಾಲರಿಯ ಕೊಳವೆ ಇಟ್ಟು ಎಣ್ಣೆರಹಿತ ಕಂಪ್ರೆಸರಿನಿಂದ ಮೆಲ್ಲಗೆ ಗಾಳಿ ಬಿಡುವುದು. ಪ್ರತಿ ಮೀಟರ್ ನೀರನ್ನು ತಳ್ಳಲು ಸುಮಾರು 10 ಕಿಲೋಪಾಸ್ಕಲ್ ಒತ್ತಡ ಬೇಕು, ಅದರ ಮೇಲೆ ಸ್ವಲ್ಪ ಹೆಚ್ಚಿದ್ದರೆ ಸಾಕು. ಜಾಸ್ತಿ ಒತ್ತಿದರೆ ಮಣ್ಣು ಸೀಳಿ, ಗಾಳಿ ಆ ಒಂದೇ ಸೀಳಿನಲ್ಲಿ ಹೊರಟುಹೋಗುತ್ತದೆ. ಕೆಲವು ಗಂಟೆ ಊದಿ ಕೆಲವು ಗಂಟೆ ಬಿಡುವುದರಿಂದ ಗಾಳಿ ಹೊಸ ಹಾದಿ ಹಿಡಿಯುತ್ತದೆ. ಜೋರಾಗಿ ಊದಿದರೆ ಬೆಂಜೀನ್ ಒಡೆಯುವ ಬದಲು ಆವಿಯಾಗಿ ಮೇಲಕ್ಕೆ ಬರುತ್ತದೆ, ನೀರಿನ ಕಷ್ಟ ಮನೆಯೊಳಗಿನ ಗಾಳಿಯ ಕಷ್ಟವಾಗುತ್ತದೆ. ಹತ್ತಿರ ಕಟ್ಟಡವಿದ್ದರೆ ಆವಿ ಎಳೆದುಕೊಳ್ಳುವ ಬಾವಿಗಳೂ ಜೊತೆಗಿರಬೇಕು. ನೀರಿನ ಮಟ್ಟಕ್ಕಿಂತ ಮೇಲಿನ ಒಣ ಮಣ್ಣಿಗೆ ಬಯೋವೆಂಟಿಂಗ್, ಅಂದರೆ ಅದೇ ಮೆಲುಗಾಳಿ, ಒಣ ಮಣ್ಣಿನೊಳಗೆ.

ವಿದ್ಯುತ್ ಇಲ್ಲದ ಕಡೆ, ಸಣ್ಣ ಬಾಲಕ್ಕೆ, ಮೆಗ್ನೀಸಿಯಂ ಅಥವಾ ಕ್ಯಾಲ್ಸಿಯಂ ಪೆರಾಕ್ಸೈಡ್ ಪುಡಿಯನ್ನು ಕಲಸಿ ಕೊಳವೆಯಿಂದ ತೂರಿಸಬಹುದು, ತಿಂಗಳುಗಟ್ಟಲೆ ಆಮ್ಲಜನಕ ಬಿಡುತ್ತದೆ. ಕಿಲೋ ಲೆಕ್ಕದಲ್ಲಿ ದುಬಾರಿ, ಮೆತ್ತಿದ ಪಟ್ಟಿಗೆ ಸಾಲದು. ಹೈಡ್ರೋಜನ್ ಪೆರಾಕ್ಸೈಡ್ ದ್ರವವನ್ನು ನಾನು ಹೇಳುವುದಿಲ್ಲ. ಅದು ಬಾವಿಯ ಹತ್ತಿರವೇ ಬಿರಬಿರನೆ ಒಡೆದು ಗುಳ್ಳೆಯಾಗಿ ಸಂದುಗಳನ್ನು ಮುಚ್ಚುತ್ತದೆ, ಹೆಚ್ಚಾದರೆ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. ಕಬ್ಬಿಣ ಜಾಸ್ತಿಯಿರುವ, ಆಗಲೇ ಸಲ್ಫೇಟ್ ಬರಿದಾಗಿರುವ ಜಾಗದಲ್ಲಿ ಮೆಗ್ನೀಸಿಯಂ ಸಲ್ಫೇಟ್ ಅಥವಾ ಜಿಪ್ಸಂ ಕೊಡುವುದು ಒಳ್ಳೆಯ ಉಪಾಯ. ನೀರಿನಲ್ಲಿ ಸಲೀಸಾಗಿ ಕರಗಿ ದೂರ ಸಾಗುತ್ತದೆ, ಕೆಲಸ ಮಾತ್ರ ನಿಧಾನ.

ಏನನ್ನೂ ಊದದೆ ಅಳೆಯುತ್ತ ಕಾಯುವುದೂ ಒಂದು ದಾರಿ. ಕ್ಯಾಲಿಫೋರ್ನಿಯಾದ ಸೋರುವ ಟ್ಯಾಂಕುಗಳನ್ನು ಕುರಿತ 1995ರ ದೊಡ್ಡ ಅಧ್ಯಯನದಲ್ಲಿ ಬೆಂಜೀನ್ ಬಾಲಗಳಲ್ಲಿ ಬಹುಪಾಲು 80 ಮೀಟರಿನೊಳಗೇ ನಿಂತಿದ್ದವು, ನಿಲ್ಲಿಸಿದ್ದು ಬ್ಯಾಕ್ಟೀರಿಯಾಗಳೇ. ಆದರೆ ಮೂಲ ತೆಗೆದಿರಬೇಕು, ಬಾಲ ಕುಗ್ಗುತ್ತಿರಬೇಕು, ದಾರಿಯಲ್ಲಿ ಯಾರ ಬಾವಿಯೂ ಇರಬಾರದು. ಮೂರರಲ್ಲಿ ಒಂದು ತಪ್ಪಿದರೂ ಕಾಯುವುದು ಹೊಣೆಗೇಡಿತನ.

ಬ್ಯಾಕ್ಟೀರಿಯಾ ಪುಡಿ, ಡಬ್ಬಿಗಳನ್ನು ಮಾರುವವರು ಬಂದೇ ಬರುತ್ತಾರೆ. ಎಣ್ಣೆ ತಿನ್ನುವಂತೆ ತಿದ್ದಿದ ಬ್ಯಾಕ್ಟೀರಿಯಾದ ಪೇಟೆಂಟ್‌ಗಾಗಿ ವಿಜ್ಞಾನಿ ಆನಂದ ಚಕ್ರವರ್ತಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1980ರಲ್ಲಿ ಗೆದ್ದದ್ದು ಇತಿಹಾಸ. ಬಿಟೆಕ್ಸ್‌ಗೆ ಮಾತ್ರ ಹೊರಗಿನವು ಬೇಕಾಗುವುದು ಅಪರೂಪ. ಮಣ್ಣಿನ ಗ್ರಾಂಗೆ ಸಾವಿರಕ್ಕಿಂತ ಹೆಚ್ಚು ಜೀವಂತ ಬ್ಯಾಕ್ಟೀರಿಯಾ ಇವೆ ಎಂದು ಲ್ಯಾಬ್ ಹೇಳಿದರೆ ಆ ದುಡ್ಡನ್ನು ಇನ್ನೊಂದು ನಿಗಾ ಬಾವಿಗೆ ಹಾಕಿ. ಎಂಟಿಬಿಇ ಹಟ ಹಿಡಿದಾಗ ಬೇಕಾದರೆ ಯೋಚಿಸಬಹುದು.

ಏಳು: ಮೊದಲು ಒಂದೇ ಬಾವಿಯಲ್ಲಿ

ಪೂರ್ತಿ ಜಾಗಕ್ಕೆ ಹಾಕುವ ಮೊದಲು ಒಂದು ಗಾಳಿಬಾವಿ, ಅದರಿಂದ 2, 4, 7 ಮೀಟರ್ ದೂರದಲ್ಲಿ ನಿಗಾ ಬಾವಿಗಳು. ಊದಲು ಶುರು ಮಾಡಿ, ಎಷ್ಟು ದೂರದವರೆಗೆ ಕರಗಿದ ಆಮ್ಲಜನಕ 2 ಮಿಲಿಗ್ರಾಂ ದಾಟುತ್ತದೆ ನೋಡಿ. ಆ ದೂರವೇ ನಿಮ್ಮ ಬಾವಿಗಳ ಅಂತರಕ್ಕೆ ಆಧಾರ. ಆಮೇಲೆ ಗಾಳಿ ನಿಲ್ಲಿಸಿ, ಆಮ್ಲಜನಕ ಎಷ್ಟು ಬೇಗ ಇಳಿಯುತ್ತದೆ ಎಂದು ಗಂಟೆಗಂಟೆಗೆ ಬರೆಯಿರಿ. ಇದನ್ನು ಉಸಿರಾಟ ಪರೀಕ್ಷೆ ಎನ್ನುತ್ತಾರೆ. ಮೇಲಿನ ಶುದ್ಧ ಬಾವಿಯಲ್ಲೂ ಇದನ್ನೇ ಮಾಡಿ ಹೋಲಿಸಿ. ಮಾಲಿನ್ಯವಿದ್ದ ಕಡೆ ಬೇಗ ಇಳಿದು, ಶುದ್ಧವಿದ್ದ ಕಡೆ ಹೆಚ್ಚುಕಡಿಮೆ ಹಾಗೇ ನಿಂತರೆ ನೆಲದೊಳಗೆ ಜೀವ ತಿನ್ನುತ್ತಿದೆ. ಈ ಇಳಿಗೆರೆಯನ್ನು ಕಣ್ಣಾರೆ ಕಂಡ ಮೇಲೆ ನನಗೆ ಈ ವಿಧಾನದ ಮೇಲೆ ನಂಬಿಕೆ ಬಂದದ್ದು.

ಎಂಟು: ಸಾಕ್ಷಿ ಒಟ್ಟುಮಾಡುವುದು

ಬೆಂಜೀನ್ ಇಳಿಯಿತು ಎಂದಷ್ಟೇ ತೋರಿಸಿದರೆ ಸಾಲದು. ಮಳೆನೀರು ಬೆರೆತು ತೆಳುವಾಗಿರಬಹುದು, ಆವಿಯಾಗಿರಬಹುದು, ಬಾಲ ಪಕ್ಕಕ್ಕೆ ಸರಿದಿರಬಹುದು. ಮೂರು ಬಗೆಯ ಪುರಾವೆ ಒಂದೇ ದಿಕ್ಕಿಗೆ ಕೈತೋರಿಸಬೇಕು: ಮಾಲಿನ್ಯದ ಒಟ್ಟು ತೂಕ ಕಡಿಮೆಯಾದದ್ದು, ಆ ಮಣ್ಣಿನ ಬ್ಯಾಕ್ಟೀರಿಯಾಗಳು ಲ್ಯಾಬಿನಲ್ಲಿ ಆ ಇಂಧನವನ್ನು ಒಡೆದು ತೋರಿಸಿದ್ದು, ನೆಲದಲ್ಲೂ ಅದು ನಡೆಯುತ್ತಿದೆ ಎನ್ನಲು ಆಮ್ಲಜನಕದ ಬಳಕೆ, ಸಲ್ಫೇಟ್ ಇಳಿಕೆ, ಕ್ಷಾರೀಯತೆ ಏರಿಕೆಯಂಥ ಗುರುತುಗಳು. ಅನುಮಾನ ಉಳಿದರೆ ಬೆಂಜೀನ್‌ನ ಇಂಗಾಲದ ಐಸೊಟೋಪ್ ಪರೀಕ್ಷೆ ಮಾಡಿಸಿ. ಬ್ಯಾಕ್ಟೀರಿಯಾಗಳು ಹಗುರ ಇಂಗಾಲ-12 ಇರುವ ಅಣುಗಳನ್ನು ತುಸು ಬೇಗ ಒಡೆಯುವುದರಿಂದ ಉಳಿದದ್ದರಲ್ಲಿ ಇಂಗಾಲ-13ರ ಪಾಲು ಏರುತ್ತದೆ. ಬರೀ ತೆಳುವಾದರೆ ಈ ಪಾಲು ಬದಲಾಗುವುದಿಲ್ಲ.

ಮೂರು ತಿಂಗಳಿಗೊಮ್ಮೆ, ಕನಿಷ್ಠ ಎರಡು ವರ್ಷ ಅಳೆಯಿರಿ, ಏಕೆಂದರೆ ಮಳೆಗಾಲದ ಅಂಕಿ ಬೇಸಿಗೆಯ ಅಂಕಿಗೆ ಸಮ ಬರುವುದಿಲ್ಲ. ಪ್ರತಿ ಸಲವೂ ನೀರಿನ ಮಟ್ಟವನ್ನು ಬೆಂಜೀನ್ ಅಂಕಿಯ ಪಕ್ಕದಲ್ಲೇ ಬರೆಯಿರಿ. ನೀರು ಮೇಲೇರಿ ಮೆತ್ತಿದ ಪಟ್ಟಿಯನ್ನು ಮುಟ್ಟಿದ ತಿಂಗಳು ಬೆಂಜೀನ್ ಜಿಗಿಯುವುದು ಸಹಜ, ಗಾಬರಿ ಬೇಡ. ನೀರಿನ ಮಟ್ಟ ಬದಲಾಗದೆ ಜಿಗಿದರೆ ಟ್ಯಾಂಕನ್ನು ಮತ್ತೆ ಪರೀಕ್ಷಿಸಿ.

ಒಂಬತ್ತು: ನಿಲ್ಲಿಸುವುದು

ಎಲ್ಲ ಬಾವಿಗಳಲ್ಲೂ ಗುರಿ ಮುಟ್ಟಿದ ಮೇಲೆ ಕಂಪ್ರೆಸರ್ ನಿಲ್ಲಿಸಿ, ಆದರೆ ಪೈಪು ಬಿಚ್ಚಬೇಡಿ. ಗಾಳಿ ನಿಂತ ಮೇಲೆ ಸಂದುಗಳಿಂದ ಬೆಂಜೀನ್ ಹೊರಬಂದು ಅಂಕಿ ಮತ್ತೆ ಏರುವುದುಂಟು. ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ಹಾಗೇ ಬಿಟ್ಟು ಅಳೆಯಿರಿ. ಏರಿದರೆ ಏರಿದ ಬಾವಿಯ ಸುತ್ತಲಷ್ಟೇ ಮತ್ತೆ ಊದಿ. ಏರದಿದ್ದರೆ ಬಾವಿಗಳನ್ನು ತಳದಿಂದ ಬಾಯಿವರೆಗೆ ಸಿಮೆಂಟ್ ಮತ್ತು ಬೆಂಟೋನೈಟ್ (ನೀರು ಹೀರಿ ಉಬ್ಬುವ ಜೇಡಿ) ತುಂಬಿ ಮುಚ್ಚಿಸಿ, ಬಾಯಿ ತೆರೆದ ಹಳೆಯ ಬಾವಿ ಮುಂದಿನ ಸೋರಿಕೆಗೆ ನೇರ ಕೊಳವೆಯಾಗುತ್ತದೆ. ಕಾವಲು ಬಾವಿಯನ್ನು ಮಾತ್ರ ಕೊನೆಗೆ ಮುಚ್ಚಿ. ಕೆಳಗಿನ ಮನೆಗಳವರ ಬಾವಿಯ ನೀರನ್ನೂ ಅದೇ ದಿನ ಪರೀಕ್ಷೆಗೆ ಕಳಿಸಿ, ಬಂದ ವರದಿಯ ಪ್ರತಿಯನ್ನು ಅವರ ಕೈಗೇ ಕೊಡಿ.